ಕಾರಿನ ಹೊಸ್ತಿಲು

ಬಾಗಿಲು ಬಿಚ್ಚಿಟ್ಟ ಕಾರಿನ ಹಿಂದಿನ ಸೀಟಿನಲ್ಲಿ ಮಧ್ಯಾಹ್ನದ ಹೊತ್ತು ಕೂತು ನೋಡಬೇಕು. ಆಗ ಅದು ಕಾರು ಅನ್ನಿಸುವುದಿಲ್ಲ, ಯಾರದೋ ಮನೆಯ ಸಣ್ಣ ಕೋಣೆ ಅನ್ನಿಸುತ್ತದೆ. ಅಫಜಲಪುರದಲ್ಲಿ ನನ್ನ ಶೆಡ್ಡಿನ ಹಿಂದೆ ಆಗ ಬಿಳಿಜೋಳದ ಹೊಲವಿತ್ತು. ಸಂಕ್ರಮಣ ಕಳೆದು ತೆನೆಯಲ್ಲಿ ಹಾಲು ತುಂಬಿತ್ತು. ಬಾಗಿಲಿಲ್ಲದ ಆ ಚೌಕದಲ್ಲಿ ಹೊಲ, ಅದರ ಮೇಲೆ ಒಂದು ತುಂಡು ಆಕಾಶ, ಅಷ್ಟೇ ಕಾಣುತ್ತಿತ್ತು. ಗಾಳಿ ಬಂದಾಗ ಹೊಲವೆಲ್ಲ ಒಮ್ಮೆ ಆ ಕಡೆ ವಾಲಿ ಮತ್ತೆ ಈ ಕಡೆ ಬರುತ್ತಿತ್ತು. ಎಂಬತ್ತರ ದಶಕದ ನಡುವಿನ ಒಂದು ಚಳಿಗಾಲ, ಆರು ದಿನ, ನಾನು ಹೆಚ್ಚುಕಡಿಮೆ ಆ ಚೌಕದೊಳಗೇ ಇದ್ದೆ.

ಕಾರು ಮಣ್ಣೂರಿನ ಗೌಡರದು. ಗೌಡರು ತೀರಿಹೋಗಿ ಐದು ವರ್ಷವಾಗಿತ್ತು. ಕೆನೆಬಣ್ಣದ ಹಳೆಯ ಗಾಡಿ, ಗೌಡರಿದ್ದಾಗ ಹೇಗಿತ್ತೋ ಹಾಗೇ ಇಟ್ಟಿದ್ದರು. ಮಂಗಳವಾರ ಬೆಳಿಗ್ಗೆ ಅದು ನನ್ನ ಶೆಡ್ಡಿನ ಮುಂದೆ ಬಂದು ನಿಂತಾಗ ಮೊದಲು ಕಂಡದ್ದು ಹಗ್ಗ. ಹಿಂದಿನ ಎಡಬಾಗಿಲಿನ ಹಿಡಿಕೆಯಿಂದ ಬಲಬಾಗಿಲಿನ ಹಿಡಿಕೆಯವರೆಗೆ ಎಳೆದು ಬಿಗಿದ ನುಲಿ ಹಗ್ಗ. ಅದರ ಹಿಂದೆ, ಹಗ್ಗವನ್ನು ಮಡಿಲ ಮೇಲೆ ಇಟ್ಟುಕೊಂಡು, ಗೌಡರ ಹೆಂಡತಿ ಕೂತಿದ್ದರು. ಊರವರೆಲ್ಲ ಅವರನ್ನು ಗೌಡಶಾನಿ ಎನ್ನುತ್ತಿದ್ದರು. ಹಣೆಯ ಮೇಲೆ ವಿಭೂತಿ, ತಲೆ ತುಂಬ ಸೆರಗು. ಹಗ್ಗ ಬಿಚ್ಚುವತನಕ ಅವರು ಅಲ್ಲಾಡಲಿಲ್ಲ.

ಗಾಡಿ ಓಡಿಸುತ್ತಿದ್ದವರು ಗೌಡರ ಕಾಲದ ಡ್ರೈವರು. ಎಲ್ಲರಿಗೂ ಮಾಮು. ಬಿಳಿಗಡ್ಡ, ಕಣ್ಣಿಗೆ ಸುರ್ಮಾ, ಮಾತು ಕಡಿಮೆ. ಹಿಂದೆಯೇ ಮೋಟಾರ್ ಸೈಕಲ್ ಮೇಲೆ ಗೌಡಶಾನಿಯ ಮಗ ಬಂದ. ನನ್ನನ್ನು ಪಕ್ಕಕ್ಕೆ ಕರೆದು ಆದದ್ದನ್ನು ಹೇಳಿದ. ಹಿಂದಿನ ವಾರ ಹಳ್ಳದ ತಿರುವಿನಲ್ಲಿ ಆ ಎಡಬಾಗಿಲು ತಾನೇ ತೆರೆದುಕೊಂಡಿತ್ತು. ತಾಯಿ ಅರ್ಧ ಹೊರಗೆ ಬಂದಿದ್ದರಂತೆ, ಮಾಮು ಒಂದು ಕೈಯಲ್ಲಿ ಸ್ಟೇರಿಂಗು, ಇನ್ನೊಂದು ಕೈಯಲ್ಲಿ ಅವರ ಸೆರಗು ಹಿಡಿದು ಗಾಡಿ ನಿಲ್ಲಿಸಿದ್ದರಂತೆ. ಕೆಟ್ಟವನಲ್ಲ, ಹೆದರಿದ್ದ.

"ಸೋಮವಾರ ಬರ್ತೇನಿ," ಅಂದ ತೋರುಬೆರಳು ಎತ್ತಿ. "ಈ ಬಾಗಲಾ ಒಂದ ಬಟ್ಟಿಲೆ ನೂಕಿದ್ರ ಮುಚ್ಚಬೇಕ್ರಿ. ಇಲ್ಲಂದ್ರ ಅವತ್ತ ಗುಜರಿಯವಗ ಕೊಟ್ಟಬಿಡ್ತೇನಿ. ನಮ್ಮವ್ವನ ಜೀವಕ್ಕಿಂತ ದೊಡ್ಡದಲ್ಲ ಇದು."

ಗೌಡಶಾನಿ ಅದನ್ನು ಕೇಳಿಸಿಕೊಂಡರು. ಮಂಡಿನೋವಿನಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗದವರು ಅವರು. ಜೇವರ್ಗಿಯಲ್ಲಿ ಹಾಸಿಗೆ ಹಿಡಿದಿದ್ದ ತಂಗಿಯನ್ನು ನೋಡಬೇಕಾದರೆ ಈ ಗಾಡಿಯೇ ಆಗಬೇಕು. ಕಾರಿನ ಬಾಗಿಲ ಕಂಬವನ್ನು ಒಮ್ಮೆ ಅಂಗೈಯಿಂದ ಸವರಿ, ಅಫಜಲಪುರದಲ್ಲೇ ಇದ್ದ ತವರಿನವರ ಮನೆಗೆ ನಡೆದರು. ರಿಪೇರಿ ಮುಗಿಯುವತನಕ ಅಲ್ಲೇ ಇರುತ್ತಾರೆ ಎಂದು ಮಾಮು ಹೇಳಿದರು.

ನನಗೆ ಆಗ ಕೆಲಸದ ಸೊಕ್ಕು ಬಹಳ. ಆಳಂದದಿಂದ ಬಂದವ, ಸೊಲ್ಲಾಪುರದಲ್ಲಿ ತಗಡಿನ ಕೆಲಸ ಕಲಿತವ, ನನ್ನ ಮುಂದೆ ಒಂದು ಬಾಗಿಲು ಎಷ್ಟರದು ಎಂದುಕೊಂಡು ಪಾನಾ ಹಿಡಿದೆ. ಹಿಂದಿನ ಬಾಗಿಲಿನ ಎರಡೂ ಬಿಜಾಗರಿಗಳು ನಡುಗಂಬಕ್ಕೆ ಕೂತಿರುತ್ತವೆ. ಪಾನಾದಿಂದ ಬೋಲ್ಟು ಬಿಚ್ಚಿ ಬಾಗಿಲನ್ನು ಇಳಿಸಿ ಹೊರಸಿನ ಮೇಲೆ ಮಲಗಿಸಿದೆ. ಬಾಗಿಲಿಗೆ ಏನೂ ಆಗಿರಲಿಲ್ಲ. ರೋಗ ಚೌಕಟ್ಟಿನಲ್ಲಿತ್ತು. ನಡುಗಂಬದ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿದರೆ ಹಿಡಿಕೆಯವರೆಗೆ ಒಳಗೆ ಹೋಯಿತು. ಕಾಲಿಟ್ಟು ಹತ್ತುವ ಕೆಳಪಟ್ಟಿಯೂ ಎರಡು ಗೇಣು ಹಾಗೇ ಆಗಿತ್ತು. ಬುಡ ಕರಗಿದ್ದರಿಂದ ಕೆಳಗಿನ ಬಿಜಾಗರಿ ಒಳಕ್ಕೆ ಕುಸಿದು, ಬಾಗಿಲು ಜೋತು, ಅದರ ಕೊಂಡಿ ಹಿಡಿಯಬೇಕಾದ ಜಾಗಕ್ಕಿಂತ ಅರ್ಧ ಇಂಚು ಕೆಳಗೆ ಬಂದಿತ್ತು. ಹಿಡಿಯಲು ಏನೂ ಇಲ್ಲದ ಕೊಂಡಿ ಹಳ್ಳದ ತಿರುವಿನಲ್ಲಿ ಬಿಡದೆ ಇನ್ನೇನು ಮಾಡೀತು?

ನನಗೆ ಅರ್ಥವಾಗದ್ದು ಬೇರೆ. ಉಳಿದ ಮೂರು ಚೌಕಟ್ಟುಗಳು ಹೊಸದರಂತಿದ್ದವು. ನಮ್ಮದು ಮಳೆ ಕಾಣದ ಸೀಮೆ. ಹಾಗಿರುವಾಗ ಈ ಒಂದೇ ಬಾಗಿಲಿಗೆ ಇಷ್ಟು ತುಕ್ಕು ಎಲ್ಲಿಂದ? ಛೀಣಿಯಿಂದ ಕೆರೆಯುತ್ತಾ ಹೋದೆ. ಧೂಳಿನ ಕೆಳಗೆ ಬೂದಿಯಂಥ ಗಾರೆ ಬಂತು, ಅದರ ಕೆಳಗೆ ಹಳದಿ ಪದರು, ಅದರ ಕೆಳಗೆ ಕೆಂಪು, ಅದು ತುಕ್ಕೋ ಇನ್ನೇನೋ ತಿಳಿಯಲಿಲ್ಲ. ತಗಡಿನ ಟೊಳ್ಳಿನೊಳಗಿಂದ ಎರಡು ಹನಿ ನೀರು ನನ್ನ ಮೊಣಕೈ ಮೇಲೆ ಬಿತ್ತು. ನನ್ನ ಸಿಟ್ಟು ನೆತ್ತಿಗೇರಿತು.

"ಇದಕ್ಕ ದಿನಾ ನೀರ ಸುರದಾರ. ಯಾವ ಬೇವಕೂಫ ಮಾಡ್ಯಾನ ಈ ಕೆಲಸಾ? ಗಾಡೀನ ಕೈಯಾರೆ ಕೊಂದಾನ," ಎಂದು ಇಡೀ ರಸ್ತೆಗೆ ಕೇಳುವಂತೆ ಒದರಿದೆ. ಮಾಮು ತಲೆ ತಗ್ಗಿಸಿ ಬೀಡಿ ಹೊತ್ತಿಸಿದರು. ಮಂಡಿನೋವಿಗೆ ರಸ್ತೆಬದಿಯ ಬೇವಿನ ಮರದ ಕೆಳಗೆ ಕೂತಿದ್ದ ಗೌಡಶಾನಿ ಆಗ ಇನ್ನೂ ಎದ್ದು ಹೋಗಿರಲಿಲ್ಲ ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ಮಧ್ಯಾಹ್ನದೊಳಗೆ ಸೀಟು ತೆಗೆದೆ, ಪೆಟ್ರೋಲ್ ಟಾಕಿ ಇಳಿಸಿ ದೂರ ಇಟ್ಟೆ, ಹಸಿ ಗೋಣಿಚೀಲ ಹಾಸಿದೆ. ಬುಧವಾರ ಗಾಡಿಯ ನಡುವೆ ಜಾಕು ಕೊಟ್ಟು ಎಡಬದಿಯನ್ನು ಎತ್ತಿದೆ. ಕೊಳೆತ ಪಟ್ಟಿಯನ್ನೂ ಕಂಬದ ಬುಡವನ್ನೂ ಒಂದು ಗೇಣು ಎತ್ತರಕ್ಕೆ ಕೊಯ್ದು ತೆಗೆದೆ. ಕೊಯ್ಯುವ ಮೊದಲು ಚೌಕಟ್ಟಿನ ಮೂಲೆಯಿಂದ ಮೂಲೆಗೆ ಕಬ್ಬಿಣದ ಪಟ್ಟಿ ಬಿಗಿದು ಆಧಾರ ಕೊಡಬೇಕು, ಇದು ನನಗೆ ಗೊತ್ತಿತ್ತು. ಕೊಡಲಿಲ್ಲ. ಸಣ್ಣ ಕೆಲಸ, ಯಾಕೆ ಸುಮ್ಮನೆ ತ್ರಾಸು ಎಂದುಕೊಂಡೆ. ಬೂಟಿನ ಡಬ್ಬಿಯ ರಟ್ಟಿನಲ್ಲಿ ಅಳತೆ ಕತ್ತರಿಸಿ, ಆ ಅಳತೆಗೆ ದಪ್ಪ ತಗಡು ಕೊಯ್ದು, ರೈಲು ಹಳಿಯ ತುಂಡಿನ ಮೇಲಿಟ್ಟು ಬಡಿದು ಮಡಚಿದೆ. ಹಳೆಯದರ ಮೈ ಹೇಗೆ ತಿರುಗಿತ್ತೋ ಹೊಸದೂ ಹಾಗೇ ತಿರುಗಿತು. ಅದನ್ನು ನೋಡಿ ನನಗೇ ಭಾಳ ಸೇರಿತು.

ಗ್ಯಾಸ್ ಬೆಸುಗೆಯ ಕಪ್ಪು ಕನ್ನಡಕ ಹಾಕಿಕೊಂಡರೆ ಜಗತ್ತು ಹಸಿರಾಗಿ ಮುಳುಗುತ್ತದೆ. ರಸ್ತೆಯ ಸದ್ದು ಎಲ್ಲೋ ದೂರ ಹೋಗುತ್ತದೆ. ಮುಂದೆ ಉಳಿಯುವುದು ಕರಗಿದ ಒಂದು ಹನಿ ಮಾತ್ರ. ಅದು ಸರಿದಂತೆ ನಾನೂ ಸರಿಯಬೇಕು, ಅವಸರ ಮಾಡಿದರೆ ತಗಡು ತೂತು, ತಡ ಮಾಡಿದರೂ ತೂತು. ಗುರುವಾರ ಮಧ್ಯಾಹ್ನದವರೆಗೆ ಆ ಹನಿಯ ಹಿಂದೆ ಹೋದೆ. ಕನ್ನಡಕ ತೆಗೆದಾಗ ಎಲ್ಲವೂ ಒಂದು ಗಳಿಗೆ ಗುಲಾಬಿ ಬಣ್ಣವಾಗಿ ಕಂಡಿತು, ಹೊಲ, ಮರ, ಮಾಮುವಿನ ಗಡ್ಡವೂ.

ಜಾಕು ಇಳಿಸಿ, ಬಾಗಿಲು ಎತ್ತಿ ಬಿಜಾಗರಿಗೆ ಕೂಡಿಸಿದೆವು. ನೂಕಿದೆ. ಮುಂದಿನ ಕೆಳಮೂಲೆ ಪಟ್ಟಿಗೆ ತಾಗಿ ನಿಂತಿತು. ಹಿಂದಿನ ಮೇಲ್ಮೂಲೆಯಲ್ಲಿ ಒಂದು ಬೆರಳು ಹೋಗುವಷ್ಟು ಸಂದು. ಕೊಂಡಿ ಮೊದಲಿಗಿಂತಲೂ ಕೆಳಗೆ. ಬಿಜಾಗರಿಯ ಹಿಂದೆ ವಾಷರ್ ಇಟ್ಟೆ, ತೆಗೆದೆ, ಮರದ ತುಂಡು ಸಿಕ್ಕಿಸಿ ಬಾಗಿಲನ್ನು ಮೇಲಕ್ಕೆ ತಿರುವಿದೆ. ಒಂದು ಕಡೆ ಕೂಡಿದರೆ ಇನ್ನೊಂದು ಕಡೆ ಬಾಯಿ ಬಿಡುತ್ತಿತ್ತು. ಸುತ್ತಿಗೆ ಒಗೆದು ನೆಲದ ಮೇಲೆ ಕೂತೆ. ನೀರು ಸುರಿದ ಆ ಬೇವಕೂಫನಿಗೆ ಮತ್ತೆ ಬೈಯತೊಡಗಿದೆ.

ಆಗ ಮಾಮು ಬಂದು ನನ್ನ ಎದುರು ಕುಕ್ಕುರಗಾಲಲ್ಲಿ ಕೂತರು.

"ನನಗ ಬೈ ಉಸ್ತಾದ. ನೀರ ತಂದಕೊಟ್ಟ ಬೇವಕೂಫ ನಾನಽ ಅದೇನಿ."

ಅವರು ಎದ್ದು ಹೋಗಿ ಡ್ಯಾಶ್‌ಬೋರ್ಡಿನ ಡಬ್ಬಿ ತೆರೆದರು. ಗಾಡಿಯ ಕಾಗದಗಳ ಹಿಂದೆ ಬಟ್ಟೆಯಲ್ಲಿ ಸುತ್ತಿದ ಎರಡು ಸಣ್ಣ ಭರಣಿ ಇದ್ದವು. ಒಂದರಲ್ಲಿ ಅರಿಷಿಣ, ಇನ್ನೊಂದರಲ್ಲಿ ಕುಂಕುಮ. ನಿಧಾನವಾಗಿ, ನಿಂತು ನಿಂತು, ಹೇಳಿದರು. ಗೌಡರು ಇರುವತನಕ ಮನೆಯ ಹೊಸ್ತಿಲು ತೊಳೆದು ಪೂಜೆ ಮಾಡುತ್ತಿದ್ದವರು ಗೌಡಶಾನಿ. ನಲವತ್ತು ವರ್ಷ ಒಂದು ದಿನ ತಪ್ಪಿಸಿರಲಿಲ್ಲ. ಗೌಡರು ಹೋದ ಮೇಲೆ ಆ ಕೆಲಸ ಸೊಸೆಗೆ ಹೋಯಿತು. ಗಂಡ ಇಲ್ಲದವಳು ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುವುದು ನಡೆಯುತ್ತದೆಯೇ? ಶರಣರ ಹೆಸರು ಹೇಳದೆ ತುತ್ತು ಎತ್ತದ ಮನೆ ಅದು, ಆದರೂ ಆ ಕಟ್ಟಳೆ ಮಾತ್ರ ಹಾಗೇ ಉಳಿದುಕೊಂಡಿತ್ತು. ಅವತ್ತಿನಿಂದ ಗೌಡಶಾನಿ ಬೆಳಿಗ್ಗೆ ಎದ್ದು ಕಾರು ನಿಲ್ಲಿಸುವ ಕೊಟ್ಟಿಗೆಗೆ ಬರುತ್ತಿದ್ದರು. ಮಾಮು ಒಂದು ತಂಬಿಗೆ ನೀರು ಕೊಡುತ್ತಿದ್ದರು. ತಾವು ಕೂರುವ ಬಾಗಿಲು ತೆರೆದು, ಕೆಳಪಟ್ಟಿ ತೊಳೆದು, ವಿಭೂತಿ ಎಳೆದು, ಕಂಬದ ಒಳಮೈಗೆ ಅರಿಷಿಣ ಕುಂಕುಮ ಹಚ್ಚಿ ಬಾಗಿಲು ಮುಚ್ಚುತ್ತಿದ್ದರು. ಬಾಗಿಲು ಮುಚ್ಚಿದ ಮೇಲೆ ಚೌಕಟ್ಟು ಯಾರಿಗೂ ಕಾಣುವುದಿಲ್ಲ. ಐದು ವರ್ಷ ಯಾರಿಗೂ ಕಂಡಿರಲಿಲ್ಲ.

"ಕಬ್ಬಿಣಕ್ಕ ನೀರ ಆಗೂದಿಲ್ಲ ಅಂತ ನನಗ ಗೊತ್ತಿಲ್ಲೇನು? ಹ್ಯಾಂಗ ಬ್ಯಾಡ ಅನ್ಲಿ ಹೇಳು," ಅಂದರು ಮಾಮು.

ನನಗೆ ನಾಚಿಕೆಯಾಯಿತು. ಬೈದದ್ದು ಗೌಡಶಾನಿಗೆ ಕೇಳಿಸಿತ್ತೇ ಎಂದು ಕೇಳಬೇಕೆನಿಸಿತು, ಕೇಳುವ ಧೈರ್ಯ ಬರಲಿಲ್ಲ. ಕೊಯ್ದು ಒಗೆದಿದ್ದ ಹಳೆಯ ತುಂಡನ್ನು ಕಸದಿಂದ ಹೆಕ್ಕಿ, ಒರೆಸಿ, ಗೋಡೆಯ ಗೂಡಿನಲ್ಲಿ ಇಟ್ಟೆ. ಸುಮ್ಮನೆ ಇಟ್ಟೆ, ಯಾಕೆಂದು ಈಗಲೂ ಸರಿಯಾಗಿ ಹೇಳಲಾರೆ.

ಶುಕ್ರವಾರ ಮಾಮು ನಮಾಜಿಗೆ ಹೋದರು. ನನಗೆ ಮುಂದಿನ ದಾರಿ ಹೊಳೆದಿರಲಿಲ್ಲ. ಗಾಡಿಯೊಳಗೆ ಗೋಣಿ ಹಾಸಿಕೊಂಡು ಹೊರಗೆ ನೋಡುತ್ತಾ ಕೂತವನಿಗೆ ಕಣ್ಣು ಹತ್ತಿತು. ಕನಸಿನಲ್ಲಿ ಕಾರು ಹೊಲದ ನಡುವೆ ನಿಂತಿತ್ತು, ಅದಕ್ಕೆ ಚಕ್ರಗಳಿರಲಿಲ್ಲ. ಭೀಮೆಯ ನೀರು ಸದ್ದಿಲ್ಲದೆ ಜೋಳದ ಸಾಲುಗಳಲ್ಲಿ ಹರಿದು ಬಂದು ಬಾಗಿಲ ಹತ್ತಿರ ನಿಂತಿತು, ಕರೆದರೆ ಒಳಗೆ ಬರುತ್ತೇನೆ ಅನ್ನುವ ಹಾಗೆ. ನಾನು ಕರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ಸುಟ್ಟ ಜೋಳದ ಬಿಸಿ ವಾಸನೆ ಬಂತು. ಕಣ್ಣು ಬಿಟ್ಟರೆ ಗೌಡಶಾನಿ ಎದುರಿಗೆ ಹೊರಸಿನ ಮೇಲೆ ಕೂತಿದ್ದರು. ಎಲೆಯಲ್ಲಿ ಕಟ್ಟಿದ ಸೀತನಿ ಪಕ್ಕದಲ್ಲಿತ್ತು.

ತಿನ್ನು ಎಂದು ಎಲೆ ಮುಂದೆ ಸರಿಸಿದರು. ಬೆಳ್ಳುಳ್ಳಿ ಖಾರ ಹಚ್ಚಿದ ಹಸಿಜೋಳ, ಇನ್ನೂ ಬಿಸಿ ಇತ್ತು. ಅವರ ಕಣ್ಣು ಗೋಡೆಯ ಗೂಡಿನ ಕಡೆ ಹೋದದ್ದು ಕಂಡಿತು. ಹಳದಿ ಮೆತ್ತಿದ ಆ ತುಂಡನ್ನು ನೋಡಿ ಸೆರಗು ಸರಿಮಾಡಿಕೊಂಡರು. ನಾನು ಸೀತನಿಯಲ್ಲೇ ತಲೆ ಹುದುಗಿಸಿದೆ. ಕೊನೆಗೆ ಅವರೇ, ಕೆಲಸ ಎಲ್ಲಿ ನಿಂತಿದೆ ಎಂದು ಕೇಳಿದರು. ಗಾಡಿಯನ್ನು ಜಾಕಿನ ಮೇಲೆ ಎತ್ತಿ ಕಂಬ ಕೂಡಿಸಿಯಾಗಿದೆ, ಬಾಗಿಲು ಅದಕ್ಕೆ ಹೊಂದುತ್ತಿಲ್ಲ, ಬಾಗಿಲನ್ನು ಹೇಗೆ ತಿದ್ದುವುದೋ ತಿಳಿಯುತ್ತಿಲ್ಲ ಎಂದೆ. ಅವರು ಬಹಳ ಹೊತ್ತು ಗಾಡಿ ನೋಡಿದರು.

"ನಮ್ಮ ಮನಿ ಕಟ್ಟುವಾಗ ಬಡಿಗ್ಯಾ ಮೊದಲ ಚೌಕಟ್ಟ ನಿಲ್ಲಿಸಿದ್ದ, ತಮ್ಮಾ. ಹೊಸ್ತಲಾ ನೆಲದ ಮ್ಯಾಲ ಕುಂತ ಮ್ಯಾಲ ಗ್ವಾಡಿ ಬಂತು. ನೀ ಮನೀನ ಎತ್ತಿ ಹಿಡದು, ಮೊದಲ ಗ್ವಾಡಿ ಕಟ್ಟೀದಿ. ಬಾಗಲಾ ಪಾಪ ಏನ ಮಾಡಬೇಕು?"

ಸೀತನಿ ಬಾಯಲ್ಲೇ ಉಳಿಯಿತು. ಎತ್ತಿ ಹಿಡಿದು. ಜಾಕಿನ ಮೇಲೆ ನಡು ಎತ್ತಿದ ಗಾಡಿ, ಬುಡ ಕೊಯ್ದ ಮೇಲೆ ಸಣ್ಣಗೆ ಬಾಗಿತ್ತು. ಆ ಬಾಗಿದ ಮೈಯನ್ನೇ ಹಿಡಿದು ನಾನು ಕಂಬ ಬೆಸೆದಿದ್ದೆ. ಇಳಿಸಿದಾಗ ಮೈ ತನ್ನ ಜಾಗಕ್ಕೆ ಮರಳಿತು, ಕಂಬ ಮರಳಲಿಲ್ಲ. ಇಷ್ಟು ಸರಳವಾದದ್ದು ಸೊಲ್ಲಾಪುರದಲ್ಲಿ ಕಲಿತು ಬಂದ ನನ್ನ ತಲೆಗೆ ಹೊಳೆದಿರಲಿಲ್ಲ. ಉಳಿದದ್ದು ಎರಡೇ ದಿನ. ಇದ್ದದ್ದನ್ನೇ ಬಡಿದು, ಕೊಂಡಿ ಹೇಗೋ ಹಿಡಿಯುವಂತೆ ಮಾಡಿ, ಮಗನ ಕಣ್ಣಿಗೆ ತೋರಿಸಬಹುದಿತ್ತು. ಆದರೆ ಆ ಬಾಗಿಲ ಪಕ್ಕದಲ್ಲಿ ಕೂರುವವರು ನನ್ನ ಎದುರೇ ಇದ್ದರು. ಛೀಣಿ ತೆಗೆದುಕೊಂಡು ನಾನೇ ಹಾಕಿದ ಬೆಸುಗೆಯನ್ನು, ಗುರುವಾರ ಅಷ್ಟು ಮೆಚ್ಚಿಕೊಂಡ ಬೆಸುಗೆಯನ್ನು, ಸಂಜೆಯೊಳಗೆ ಒಡೆದು ಹಾಕಿದೆ.

ಶನಿವಾರ ನೆಲ ಸಮ ಮಾಡಿ ಗಾಡಿಯನ್ನು ನಾಲ್ಕೂ ಚಕ್ರದ ಮೇಲೆ ನಿಲ್ಲಿಸಿದೆವು. ಸೀಟು ತಿರುಗಿ ಕೂಡಿಸಿ, ಗೌಡಶಾನಿ ಕೂರುವ ಜಾಗದಲ್ಲಿ ಅವರಷ್ಟೇ ತೂಕದ ತೊಗರಿ ಚೀಲ ಇಡೋಣ ಎಂದೆ. ಎಷ್ಟು ತೊಗರಿ ಎಂದು ಅವರನ್ನೇ ಕೇಳಿ ಬನ್ನಿ ಎಂದರೆ ಮಾಮು ಕಿವಿ ಹಿಡಿದುಕೊಂಡರು. ಅಂದಾಜಿನ ಮೇಲೆ ತುಂಬಿದೆವು. ಬಾಗಿಲನ್ನು ಮೊದಲು ನಿಲ್ಲಿಸಿದೆ. ಕೊಂಡಿಯನ್ನು ಅದರ ಜಾಗದಲ್ಲಿ ಹಿಡಿಸಿ, ಮೇಲಿನ ಬಿಜಾಗರಿ ಬಿಗಿದು, ಸುತ್ತಲೂ ಮಡಚಿದ ಪೋಸ್ಟ್ ಕಾರ್ಡು ಸಿಕ್ಕಿಸಿ ಎಲ್ಲ ಕಡೆ ಒಂದೇ ಸಂದು ಬರುವಂತೆ ಮಾಡಿದೆ. ಬಾಗಿಲು ಚೌಕಟ್ಟಿನಲ್ಲಿ ತಾನಾಗಿ ಸುಮ್ಮನೆ ನಿಂತಿತು. ಆಮೇಲೆ ಕೆಳಗಿನ ಬಿಜಾಗರಿಗೆ ಕಂಬದ ಹೊಸ ಬುಡವನ್ನು ಬಿಗಿದೆ. ಅದು ಎಲ್ಲಿ ನಿಲ್ಲಬೇಕೆಂದು ನಾನು ಹೇಳಲಿಲ್ಲ, ಬಾಗಿಲೇ ಹೇಳಿತು. ಕಾರ್ಡುಗಳು ಹೊತ್ತದಂತೆ ಕೆಳಗಿನವನ್ನು ತೆಗೆದು, ಮೇಲೊಂದು ಕೆಳಗೊಂದು ಹನಿ ಬೆಸುಗೆ ಹಾಕಿ, ಪ್ರತಿ ಹನಿಯೂ ಆರುವವರೆಗೆ ಕಾದೆ. ಒಂದು ಹನಿ, ಒಂದು ಬೀಡಿ, ಹೊಲದ ಕಡೆ ಒಂದು ನೋಟ. ಆ ದಿನ ಹೊತ್ತು ಮುಂದೆ ಹೋಗುತ್ತಿದೆಯೋ ನಿಂತಿದೆಯೋ ಗೊತ್ತಾಗಲಿಲ್ಲ.

ಭಾನುವಾರ ಬೆಸುಗೆ ಪೂರಾ ಮಾಡಿದೆ. ಆಗ ನೀರಿನ ಮಾತು ಬಂತು. ಇನ್ನು ಮೇಲೆ ನೀರು ಹಾಕಬೇಡಿ ಎಂದು ಹೇಳುವ ಹಕ್ಕು ನನಗಿತ್ತು. ಯಾವ ಮಿಸ್ತ್ರಿಯೂ ಅದನ್ನೇ ಹೇಳುತ್ತಿದ್ದ. ನನ್ನ ಬಾಯಿಗೆ ಬರಲಿಲ್ಲ. ಕೆಳಪಟ್ಟಿಯನ್ನು ಹೊರಗೆ ಕೂದಲೆಳೆಯಷ್ಟು ಇಳಿಜಾರು ಮಾಡಿ, ಟೊಳ್ಳಿನ ತಳದಲ್ಲಿ ಮೂರು ತೂತು ಕೊರೆದೆ. ಒಳಗೆಲ್ಲ ಡಾಂಬರು ಕಾಸಿ ಹೊಯ್ದೆ, ತೂತು ಮುಚ್ಚದಂತೆ ಕಡ್ಡಿ ಇಟ್ಟು ಆಮೇಲೆ ಕಿತ್ತೆ. ಮೇಲೆ ಕೆಂಪು ಪ್ರೈಮರು, ಅದರ ಮೇಲೆ ಕೆನೆಬಣ್ಣ.

ಸೋಮವಾರ ಬೆಳಿಗ್ಗೆ ತಾಯಿ ಮಗ ಇಬ್ಬರೂ ಬಂದರು. ಮಗ ನನ್ನ ಕಡೆ ನೋಡದೆ ನೇರ ಬಾಗಿಲ ಹತ್ತಿರ ಹೋಗಿ, ಪೂರ್ತಿ ತೆರೆದು, ತೋರುಬೆರಳಿಂದ ನೂಕಿದ. ಬಾಗಿಲು ನಿಧಾನವಾಗಿ ಹೋಗಿ ಟಪ್ ಎಂದು ಕೂತಿತು. ಮತ್ತೆ ತೆರೆದ, ಮತ್ತೆ ನೂಕಿದ, ಐದಾರು ಸಲ. ಕೊನೆಗೆ ಅವನ ಮುಖ ಸಡಿಲಾಯಿತು. ಗುಜರಿಯವನಿಗೆ ಬರಬೇಡ ಎಂದು ಹೇಳುತ್ತೇನೆ ಎಂದ. ಮಾಮು ಆಕಾಶ ನೋಡಿದರು.

ಗೌಡಶಾನಿ ಹತ್ತಿರ ಬಂದು ಹೊಸ ಕಂಬವನ್ನು ಮುಟ್ಟಿದರು. ನನಗಷ್ಟೇ ಕೇಳುವಂತೆ, "ಇನ್ನ ಮ್ಯಾಲ ನೀರ ಹಾಕೂದಿಲ್ಲಪ್ಪಾ," ಅಂದರು.

ಮಂಗಳವಾರ ನಾನು ಒದರಿದ್ದು ಅವರಿಗೆ ಕೇಳಿತ್ತು. ನನ್ನ ಕಣ್ಣು ತುಂಬಿ ಬಂತು. ಕುಡಿಯುವ ನೀರಿನ ತಂಬಿಗೆ ತಂದು ಕೆಳಪಟ್ಟಿಯ ಮೇಲೆ ಸುರಿದೆ. ನೀರು ಒಳಗೆ ಇಳಿಯಿತು, ಒಂದು ಗಳಿಗೆ ಕಾಣಲಿಲ್ಲ, ಆಮೇಲೆ ಗಾಡಿಯ ಅಡಿಯಿಂದ ಮೂರು ಎಳೆಯಾಗಿ ಮಣ್ಣಿಗೆ ಬಿತ್ತು.

"ಹಾಕ್ರಿ ಅವ್ವಾರ. ದಾರಿ ಬಿಟ್ಟೇನಿ," ಅಂದೆ.

ಮಗ ಬಗ್ಗಿ ನೀರು ನೋಡಿದ. ತಗಡಿಗೆ ಯಾಕೆ ತೂತು, ಅಲ್ಲಿ ನೀರು ಯಾರು ಹಾಕುತ್ತಾರೆ ಎಂದು ಕೇಳಿದ. ನಾನು ಮಾಮುವಿನ ಕಡೆ ನೋಡಿದೆ, ಮಾಮು ನೆಲದ ಕಡೆ ನೋಡಿದರು. ಗೌಡಶಾನಿ ಮಾತ್ರ ತಲೆ ಎತ್ತಿಯೇ ನಿಂತಿದ್ದರು. ತಾನು ಹೊಸ್ತಿಲು ತೊಳೆಯುತ್ತೇನೆ, ಐದು ವರ್ಷದಿಂದ ಇಲ್ಲೇ ತೊಳೆಯುತ್ತಿದ್ದೇನೆ ಎಂದರು. ಅವನಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದಾಗ ಅವನ ದನಿ ಸಣ್ಣದಾಯಿತು.

"ಮನೀದ ತೊಳೀಬ್ಯಾಡ ಅಂತ ಯಾರ ಅಂದಾರ, ಯವ್ವಾ?"

"ಯಾರೂ ಬ್ಯಾಡ ಅಂದಿಲ್ಲಪ್ಪಾ," ಅಂದರು ಗೌಡಶಾನಿ. "ತೊಳಿ ಅಂತನೂ ಯಾರೂ ಅಂದಿಲ್ಲ."

ಮಗ ನನ್ನ ಕೈಯಿಂದ ತಂಬಿಗೆ ತೆಗೆದುಕೊಂಡು, ನನ್ನ ನೀರಿನ ಹೌದಿಯಲ್ಲಿ ತುಂಬಿ, ಎರಡೂ ಕೈಯಿಂದ ತಾಯಿಗೆ ಕೊಟ್ಟ. ಅವರು ರಸ್ತೆಯ ಮೇಲೆ, ಎಲ್ಲರ ಎದುರು, ಆ ಪಟ್ಟಿ ತೊಳೆದರು. ಮಾಮು ಭರಣಿಗಳನ್ನು ತಂದುಕೊಟ್ಟರು. ಹೊಸ ಬಣ್ಣದ ಮೇಲೆ ಅರಿಷಿಣ ಚೆನ್ನಾಗಿ ಹಿಡಿಯಿತು. ಗಾಡಿ ಮಣ್ಣೂರಿನ ಕಡೆ ತಿರುಗಿತು, ಒಳಗೆ ಹಗ್ಗ ಇರಲಿಲ್ಲ.

ಮರುವರ್ಷ, ಮತ್ತೆ ಜೋಳ ಹಾಲುಗಟ್ಟಿದಾಗ, ಮಾಮು ಬೇರೆ ಕೆಲಸಕ್ಕೆಂದು ಗಾಡಿ ತಂದರು. ನನ್ನ ಕೆಲಸ ಹೇಗಿದೆ ನೋಡಬೇಕೆಂದು ಕೆಳಗೆ ನುಸುಳಿದೆ. ಒಂದು ಚೂರು ತುಕ್ಕಿಲ್ಲ. ಆದರೆ ಮೂರು ತೂತುಗಳಲ್ಲೂ ಒಣ ಧೂಳು ತುಂಬಿ ಗಟ್ಟಿಯಾಗಿತ್ತು, ನೀರು ಹರಿದು ತಿಂಗಳುಗಟ್ಟಲೆ ಆದ ಹಾಗೆ. ಗೌಡಶಾನಿ ಹೇಗಿದ್ದಾರೆ ಎಂದು ಅಲ್ಲಿಂದಲೇ ಕೇಳಿದೆ.

ಮಾಮುವಿನ ಮುಖ ಕಾಣುತ್ತಿರಲಿಲ್ಲ, ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಆರಾಮ ಇದ್ದಾರ," ಅಂದರು. "ಈಗ ಮುಂಜಾನೆ ನನಗ ಕೆಲಸ ಇಲ್ಲ ನೋಡು. ಮನೀ ಹೊಸ್ತಲಕ್ಕ ತಂಬಗಿ ಸೊಸಿ ತುಂಬಿ ಕೊಡ್ತಾಳ."

ಕಡ್ಡಿಯಿಂದ ಮೂರೂ ತೂತಿನ ಧೂಳು ತೆಗೆದೆ. ಅದು ಬೇಕಾಗಿರಲಿಲ್ಲ, ಆದರೂ ತೆಗೆದೆ. ಆಮೇಲೆ ಸ್ವಲ್ಪ ಹೊತ್ತು ಅಲ್ಲೇ, ಗಾಡಿಯ ನೆರಳಿನಲ್ಲಿ, ಬೆನ್ನ ಮೇಲೆ ಮಲಗಿದ್ದೆ.